ಗೋಕು ಅಲ್ಲ, ಗೊಕೂ: ಜಪಾನಿ ಕಾಮಿಕ್ಸ್ ಪಾತ್ರಗಳ ಹೆಸರು ಹೇಳುವ ಬಗೆ

ಜಪಾನಿನ ಕಾಮಿಕ್ಸ್‌ಗೆ ಅಲ್ಲಿನವರು ಹೇಳುವ ಹೆಸರು ‘ಮಂಗ’. ಹೌದು, ಮರದ ಮೇಲೆ ಕೂರುವ ಮಂಗನ ಹಾಗೇ. ಮೊದಲಕ್ಷರಕ್ಕೆ ದೀರ್ಘ ಇಲ್ಲ, ಕೊನೆಯದಕ್ಕೂ ಇಲ್ಲ. ನಮಗೆ ಹಾಗೆ ಹೇಳಲು ಮುಜುಗರ, ಅದಕ್ಕೇ ‘ಮಾಂಗಾ’ ಎಂದು ಎಳೆದು ಮರ್ಯಾದೆ ಉಳಿಸಿಕೊಂಡಿದ್ದೇವೆ. ಈ ಲೇಖನದಲ್ಲಿ ನಾನೂ ಮಾಂಗಾ ಎಂದೇ ಬರೆಯುತ್ತೇನೆ. ‘ನಾನು ದಿನಾ ಮಂಗ ಓದುತ್ತೇನೆ’ ಎಂದು ಬರೆಯುವ ಧೈರ್ಯ ನನಗೂ ಇಲ್ಲ.

ಆದರೆ ಪಾತ್ರಗಳ ಹೆಸರಿನ ವಿಷಯಕ್ಕೆ ಬಂದರೆ ಇಂಥ ಮುಜುಗರ ಬೇಕಿಲ್ಲ. ಗೊಜೋನಾ ಗೋಜೊನಾ, ಸಾಸುಕೆನಾ ಸಸ್ಕೆನಾ, ಝೆನಿಟ್ಸು ಸರಿಯಾ ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಒಂದೊಂದು ಹೆಸರಿಗೆ ಒಂದೊಂದು ಉತ್ತರ ಕೊಡುವ ಬದಲು, ಯಾವ ಹೆಸರು ಎದುರಾದರೂ ನೀವೇ ಸರಿಯಾಗಿ ಹೇಳಿಕೊಳ್ಳುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಇಂಗ್ಲಿಷ್, ಹಿಂದಿ ಎರಡಕ್ಕಿಂತ ಕನ್ನಡ ವಾಸಿ. ನಮ್ಮ ತಪ್ಪುಗಳಲ್ಲಿ ಹೆಚ್ಚಿನವು ನಮ್ಮವಲ್ಲ. ಇಂಗ್ಲಿಷ್ ಅಕ್ಷರದಿಂದ, ಹಿಂದಿ ಡಬ್ಬಿಂಗ್‌ನಿಂದ ಸಾಲ ತಂದವು.

ಏನೇನು ಬೇಕು?

ಒಂದು ಮೊಬೈಲ್, ಕಿವಿಗೆ ಇಯರ್‌ಫೋನ್, ಒಂದು ಚೀಟಿ, ಪೆನ್ನು. ಜಪಾನಿ ಭಾಷೆ ಬರಬೇಕಿಲ್ಲ. ಶಾಲೆಯಲ್ಲಿ ಲಘು-ಗುರು ಹಾಕಿ ಮಾತ್ರೆ ಎಣಿಸಿದ್ದು ನೆನಪಿದ್ದರೆ ಅರ್ಧ ಕೆಲಸ ಆದಂತೆ. ಮರೆತಿದ್ದರೂ ಪರವಾಗಿಲ್ಲ, ಮುಂದೆ ನೆನಪಿಸುತ್ತೇನೆ.

1. ಮೊದಲು ‘ಕನ’ ರೂಪ ಹುಡುಕಿ

ಜಪಾನಿ ಬರಹದಲ್ಲಿ ಮೂರು ಬಗೆಯ ಲಿಪಿ ಸೇರಿಕೊಂಡಿದೆ. ಕಂಜಿ ಎಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ಅವು ಅರ್ಥ ಹೇಳುತ್ತವೆ, ಉಚ್ಚಾರವನ್ನು ಗಟ್ಟಿಯಾಗಿ ಹೇಳುವುದಿಲ್ಲ. ಹಿರಗನ ಮತ್ತು ಕತಕನ ನಮ್ಮ ಅಕ್ಷರಮಾಲೆಯಂತೆ ಸದ್ದನ್ನು ಬರೆಯುವ ಲಿಪಿಗಳು. ಒಂದೊಂದರಲ್ಲಿ 46 ಮೂಲ ಅಕ್ಷರಗಳು. ಈ ಎರಡಕ್ಕೂ ಸೇರಿ ‘ಕನ’ ಎನ್ನುತ್ತಾರೆ.

ಹೆಸರು ಕಂಜಿಯಲ್ಲಿದ್ದರೆ ಜಪಾನಿನವರೇ ತಡಕಾಡುವುದುಂಟು. ‘ಡೆತ್ ನೋಟ್’ ನಾಯಕನ ಹೆಸರನ್ನು ‘ಚಂದ್ರ’ ಎಂಬ ಅರ್ಥದ ಒಂದೇ ಕಂಜಿಯಲ್ಲಿ ಬರೆಯುತ್ತಾರೆ. ಸಾಮಾನ್ಯವಾಗಿ ಆ ಅಕ್ಷರದ ಓದು ‘ತ್ಸುಕಿ’. ಆದರೆ ಅವನ ಹೆಸರು ರೈತೊ, ಅಂದರೆ ಇಂಗ್ಲಿಷಿನ ಲೈಟ್. (ನಮ್ಮ ರೈತನಿಗೂ ಅವನಿಗೂ ಏನೂ ಸಂಬಂಧವಿಲ್ಲ.) ಹೀಗಾಗಿಯೇ ಹುಡುಗರ, ಹುಡುಗಿಯರ ಮಾಂಗಾ ಪತ್ರಿಕೆಗಳಲ್ಲಿ ಕಂಜಿಯ ಪಕ್ಕದಲ್ಲೇ ಪುಟ್ಟ ಕನ ಅಕ್ಷರಗಳಲ್ಲಿ ಓದನ್ನು ಅಚ್ಚು ಹಾಕುತ್ತಾರೆ. ಅದಕ್ಕೆ ಫುರಿಗನ ಎಂದು ಹೆಸರು. ಕೊನೆಯ ಮಾತು ಅದರದ್ದೇ.

ನಿಮ್ಮ ಕೈಯಲ್ಲಿ ಜಪಾನಿ ಪ್ರತಿ ಇಲ್ಲದಿದ್ದರೆ ಜಪಾನಿ ವಿಕಿಪೀಡಿಯದಲ್ಲಿ ಆ ಪಾತ್ರದ ಹೆಸರು ಹುಡುಕಿ. ಕಂಜಿಯ ಪಕ್ಕ ಆವರಣದಲ್ಲಿ ಹಿರಗನದ ಓದು ಕೊಟ್ಟಿರುತ್ತಾರೆ. ಅದನ್ನು ನಕಲು ಮಾಡಿ, ಕನದಿಂದ ಇಂಗ್ಲಿಷ್ ಅಕ್ಷರಕ್ಕೆ ಬದಲಿಸುವ ಯಾವುದಾದರೂ ಪರಿವರ್ತಕಕ್ಕೆ ಹಾಕಿ.

ಎಚ್ಚರ: ಬರೀ ಇಂಗ್ಲಿಷ್ ಪುಸ್ತಕದ ಸ್ಪೆಲಿಂಗ್ ನಂಬಬೇಡಿ. ಇಂದು ಹೆಚ್ಚು ಬಳಕೆಯಲ್ಲಿರುವುದು ಹೆಪ್‌ಬರ್ನ್ ಪದ್ಧತಿ. ಜೇಮ್ಸ್ ಕರ್ಟಿಸ್ ಹೆಪ್‌ಬರ್ನ್ ಎಂಬ ಅಮೆರಿಕದ ಮಿಷನರಿಯ ನಿಘಂಟಿನಿಂದ ಬಂದದ್ದು. ಅದರಲ್ಲಿ ದೀರ್ಘ ಸ್ವರದ ನೆತ್ತಿಯ ಮೇಲೆ ಒಂದು ಅಡ್ಡಗೆರೆ ಇರಬೇಕು. ಪುಸ್ತಕ ಅಚ್ಚು ಹಾಕುವವರು ಆ ಗೆರೆಯನ್ನು ಕೈಬಿಡುತ್ತಾರೆ. ಗೆರೆ ಹೋದ ಕೂಡಲೇ ‘ಡ್ರ್ಯಾಗನ್ ಬಾಲ್’ ನಾಯಕನ ಹೆಸರು ಗೊಕೂನೋ ಗೋಕುನೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ.

2. ಇಂಗ್ಲಿಷ್ ದಾಟಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ

ಜಪಾನಿಯಲ್ಲಿ ಐದೇ ಸ್ವರ: ಅ, ಇ, ಉ, ಎ, ಒ. ಐದಕ್ಕೂ ದೀರ್ಘ ರೂಪ ಇದೆ. ನಮ್ಮ ಎ-ಏ, ಒ-ಓ ಜೋಡಿಗಳು ಇಲ್ಲಿ ಚಿನ್ನದಂಥವು. ಹಿಂದಿ ಬರಹದಲ್ಲಿ ಸಾಮಾನ್ಯವಾಗಿ ಏ, ಓ ಮಾತ್ರ. ಅದಕ್ಕೇ ಡಬ್ಬಿಂಗ್‌ನಲ್ಲಿ ನೆಜುಕೊ ಹೋಗಿ ನೇಜುಕೋ ಆಗುತ್ತಾಳೆ. ಪದದ ಕೊನೆಯ ಅಕಾರವನ್ನು ಹಿಂದಿಯವರು ನುಂಗುತ್ತಾರೆ, ನುಂಗಬಾರದೆಂದು ‘ಆ’ ಮಾಡಿ ಬರೆಯುತ್ತಾರೆ. ಅದನ್ನು ಕೇಳಿ ನಾವು ‘ನೋಬಿತಾ’, ‘ಶಿಜೂಕಾ’ ಎನ್ನುತ್ತೇವೆ. ನಮಗೆ ಆ ತೊಂದರೆಯೇ ಇಲ್ಲವಲ್ಲ! ‘ಅಮ್ಮ’, ‘ಮರ’ ಎಂದು ಗಿಡ್ಡ ಅಕಾರದಲ್ಲಿ ಮುಗಿಸುವವರು ನಾವು. ನೊಬಿತ, ಶಿಜುಕ, ಸಕುರ ಎಂದರೆ ಮುಗಿಯಿತು.

ವ್ಯಂಜನಗಳಲ್ಲಿ ಮೊದಲು ತಿದ್ದಿಕೊಳ್ಳಬೇಕಾದದ್ದು ಟ ಮತ್ತು ಡ. ಜಪಾನಿಯಲ್ಲಿ ಇವು ಇಲ್ಲ. ಇಂಗ್ಲಿಷಿನ ಟೀ, ಡೀ ಕಂಡ ತಕ್ಷಣ ನಾವು ನಾಲಿಗೆ ಮಡಚುತ್ತೇವೆ. ಮಡಚಬೇಡಿ. ತ, ದ ಹೇಳಿ. ನರುಟೊ ಅಲ್ಲ, ನರುತೊ. ಇಟಾಚಿ ಅಲ್ಲ, ಇತಚಿ. ಕಮಾಡೊ ಅಲ್ಲ, ಕಮದೊ. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾ ಕೂಡ ತವರಿನಲ್ಲಿ ‘ತೊಯೊತ’. ಹಾಗಂತ ನಾಳೆಯಿಂದ ಆಟೋದವರ ಹತ್ತಿರ ತೊಯೊತ ಶೋರೂಮ್ ಎಂದು ಹೇಳಿ ನೋಡಬೇಡಿ, ನಮ್ಮಲ್ಲಿ ನೆಲೆಯೂರಿದ ಪದ ಅದು.

ಉಳಿದವು ಬೇಗ ಹೇಳುತ್ತೇನೆ. ಲ ಇಲ್ಲ, ರ ಮಾತ್ರ. ನಾಲಿಗೆ ಒಮ್ಮೆ ತಟ್ಟಿ ಬರುವ ನಮ್ಮ ‘ಮರ’ದ ರ ಸಾಕು, ಉರುಳಿಸಬೇಡಿ. ‘ಫು’ ಹೇಳುವಾಗ ಹಲ್ಲು ತುಟಿಗೆ ತಾಗಬಾರದು, ಬಿಸಿ ಕಾಫಿಗೆ ಊದುವ ಹಾಗೆ. ‘ತ್ಸು’ ಒಂದೇ ಸದ್ದು. ಜ ಎರಡು ಬಗೆ: ‘ಜಿ’ ಬಂದರೆ ನಮ್ಮ ಜಿಂಕೆಯ ಜಿ, ಉಳಿದ ಕಡೆ ಸ್ಪೆಲಿಂಗ್‌ನಲ್ಲಿ ಝಡ್ ಇದ್ದರೆ ‘ಮೈಸೂರು ಝೂ’ ಎನ್ನುವಾಗಿನ ಸದ್ದು. ಕನ್ನಡದಲ್ಲಿ ನಾನು ಎರಡನ್ನೂ ಜ ಎಂದೇ ಬರೆಯುತ್ತಿದ್ದೇನೆ.

ಇನ್ನೊಂದು ಬಲೆ ‘ಬ್ಯಾ’, ‘ಕ್ಯಾ’. ನಮ್ಮ ಕಣ್ಣಿಗೆ ಅದು ಬ್ಯಾಂಕಿನ ಬ್ಯಾ, ಕ್ಯಾರೆಟ್ಟಿನ ಕ್ಯಾ. ಜಪಾನಿಯಲ್ಲಿ ಆ ಸದ್ದೇ ಇಲ್ಲ. ಆದ್ದರಿಂದ ‘ಬ್ಯಾಕುಯಾ’ ಎಂಬ ಪಾತ್ರದ ಹೆಸರನ್ನು ‘ಬ್ಯಕುಯ’ ಎಂದು ಬರೆದುಕೊಳ್ಳಿ, ಹಾಗೇ ಓದಿ. ‘ಶಿನ್-ಚಾನ್’ ಕೂಡ ನಿಜಕ್ಕೂ ಶಿನ್-ಚನ್.

3. ಮಾತ್ರೆ ಎಣಿಸಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುತ್ತೀರಾದರೆ ಇದನ್ನು ಇಡಿ. ಜಪಾನಿಯವರು ಮಾತನ್ನು ಅಳೆಯುವುದು ಸಮ ಸಮ ಬಡಿತಗಳಲ್ಲಿ. ಅದು ನಮ್ಮ ಛಂದಸ್ಸಿನ ಮಾತ್ರೆಯೇ ಎನ್ನಬಹುದು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಸೊನ್ನೆಗೆ ಒಂದು. ಒತ್ತಿದರೆ ಇನ್ನೊಂದು. ಹೈಕುವಿನ 5-7-5 ಲೆಕ್ಕವೂ ಇದೇ ಬಡಿತಗಳದ್ದು.

ತಂಜಿರೋ: ತಂ ಎರಡು, ಜಿ ಒಂದು, ರೋ ಎರಡು. ಒಟ್ಟು ಐದು. ಜಪಾನಿ ಕನದಲ್ಲೂ ಸರಿಯಾಗಿ ಐದು ಅಕ್ಷರ. ‘ತಾಂಜಿರೊ’ ಎಂದರೂ ಒಟ್ಟು ಹೇಗೋ ಹತ್ತಿರ ಬರುತ್ತದೆ, ಆದರೆ ಉದ್ದ ಬರಬೇಕಾದ ಕಡೆ ಬರಲಿಲ್ಲ. ನಾವು ಮಾಡುವ ತಪ್ಪು ಹೆಚ್ಚಾಗಿ ಇದೇ: ಮೊದಲಕ್ಷರ ಎಳೆದು ಕೊನೆಯದನ್ನು ಕತ್ತರಿಸುವುದು. ಗೊಕೂ ಹೋಗಿ ಗೋಕು. ಗೊಜೋ ಹೋಗಿ ಗೋಜೊ. ಪೂರ್ತಿ ತಲೆಕೆಳಗು!

‘ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಗಲಾಟೆಯಾ?’ ಎನ್ನಬೇಡಿ. ಕನ್ನಡದಲ್ಲಿ ಬಿಡು ಬೇರೆ, ಬೀಡು ಬೇರೆ ಅಲ್ವಾ? ಅಲ್ಲೂ ಯುಕಿ ಎಂದರೆ ಹಿಮ, ಯೂಕಿ ಎಂದರೆ ಧೈರ್ಯ. ಒಬಸನ್ ಎಂದರೆ ಚಿಕ್ಕಮ್ಮ, ಅತ್ತೆ ವಯಸ್ಸಿನವರು. ಒಬಾಸನ್ ಎಂದರೆ ಅಜ್ಜಿ. ಈ ತಪ್ಪು ಎದುರಿಗೇ ಮಾಡಿದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ಒತ್ತಿನದ್ದೂ ಅದೇ ಕತೆ. ಕತೆ, ಕತ್ತೆ ಎರಡನ್ನೂ ಬೇರೆ ಮಾಡಿ ಹೇಳುವ ನಮಗೆ ಹತ್ತೊರಿಯ ‘ತ್ತ’ ಕಷ್ಟವೇ ಅಲ್ಲ. ಕನದಲ್ಲಿ ಒತ್ತು ತೋರಿಸಲು ‘ತ್ಸು’ ಅಕ್ಷರವನ್ನೇ ಚಿಕ್ಕದಾಗಿ ಬರೆಯುತ್ತಾರೆ.

ದೀರ್ಘ ಗುರುತಿಸುವ ಕೆಲವು ಸುಳಿವುಗಳು ನನ್ನ ಅನುಭವಕ್ಕೆ ಬಂದಂತೆ ಹೀಗಿವೆ. ಹುಡುಗರ ಹೆಸರಿನ ಕೊನೆಯ ‘ತರೋ’, ‘ಜಿರೋ’, ‘ಇಚಿರೋ’ಗಳಲ್ಲಿ ರೋ ದೀರ್ಘ. ಹುಡುಗಿಯರ ಹೆಸರಿನ ಕೊನೆಯ ‘ಕೊ’ ಹ್ರಸ್ವ. ಕ್ಯೋ, ರ್ಯೋ, ಶೋ, ರ್ಯೂ ಹೆಚ್ಚಾಗಿ ದೀರ್ಘವೇ. ಕತಕನದಲ್ಲಿ ಬರೆದ ಹೆಸರಲ್ಲಿ ಅಕ್ಷರದ ನಂತರ ಒಂದು ಅಡ್ಡಗೆರೆ ಕಂಡರೆ ದೀರ್ಘ: ಬೆಜೀತ (ಇಂಗ್ಲಿಷಿನಲ್ಲಿ ವೆಜಿಟಾ). ಆದರೆ ಇವು ಸುಳಿವು ಮಾತ್ರ. ಜೊರೊ ಎಂಬ ಕತ್ತಿವರಸೆಯವನ ‘ರೊ’ ಹ್ರಸ್ವ. ಅನುಮಾನ ಬಂದರೆ ಮೊದಲ ಹಂತಕ್ಕೆ ಮರಳಿ.

ಇಂಗ್ಲಿಷಿನಲ್ಲಿ ಓ ಆದ ಮೇಲೆ ಯು ಬಂದರೆ? ಅದು ‘ಔ’ ಅಲ್ಲ, ‘ಓ’. ಬಕುಗೋ, ಶೋಯೋ ಇವನ್ನು ಬಕುಗೌ, ಶೌಯೌ ಎಂದು ಓದಬೇಡಿ. ಒಂದು ಅಪವಾದ ಮಾತ್ರ ಎಲ್ಲರನ್ನೂ ಬೀಳಿಸುತ್ತದೆ. ‘ಬ್ಲೀಚ್’ ಎಂಬ ಮಾಂಗಾದ ಒರಿಹಿಮೆಯ ಮನೆತನದ ಹೆಸರು ಇ-ನೊ-ಉ-ಎ. ಇಲ್ಲಿ ಒ ಒಂದು ಪದಕ್ಕೆ, ಉ ಮುಂದಿನ ಪದಕ್ಕೆ ಸೇರಿದ್ದು. ಹಾಗಾಗಿ ಎರಡೂ ಬೇರೆ ಬೇರೆ ಕೇಳಬೇಕು. ‘ಎಇ’ ಜೋಡಿ ಮಾತಿನಲ್ಲಿ ‘ಏ’ ಆಗುತ್ತದೆ: ಸೆನ್ಸೇ, ಕೇಕೊ.

ಎಚ್ಚರ: ನಮ್ಮ ಮಾತ್ರೆ ಲೆಕ್ಕ ಒಂದು ಕಡೆ ಕೈಕೊಡುತ್ತದೆ. ನಮ್ಮಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅಂದರೆ ಎರಡು ಮಾತ್ರೆ. ಜಪಾನಿಯಲ್ಲಿ ಕ್ಯ, ರ್ಯ, ತ್ಸ ಒಂದೇ ಸದ್ದು, ಹಿಂದಿನ ಅಕ್ಷರವನ್ನು ಒತ್ತುವುದಿಲ್ಲ. ಅತ್ಸುಶಿ ಎಂದರೆ ಅ-ತ್ಸು-ಶಿ, ಮೂರೇ ಮಾತ್ರೆ. ‘ಅತ್-ಸುಶಿ’ ಎಂದು ಮುರಿದರೆ ತಪ್ಪು. ಉಕ್ಯೋ ಕೂಡ ಉ-ಕ್ಯೋ, ಉಕ್ಕಿನ ಹಾಗೆ ಒತ್ತಬೇಡಿ. ನಾವು ಟೋಕಿಯೋ ಎನ್ನುವ ಊರು ಅಲ್ಲಿ ತೋ-ಕ್ಯೋ, ನಾಲ್ಕು ಮಾತ್ರೆ, ನಡುವೆ ‘ಕಿ’ ಇಲ್ಲ.

4. ಸೊನ್ನೆಯನ್ನು ಅದರ ಪಾಡಿಗೆ ಬಿಡಿ

ಜಪಾನಿಯ ‘ನ್’ ನಮ್ಮ ಅನುಸ್ವಾರದ ಅಣ್ಣ-ತಮ್ಮ. ಅಂಗ, ಅಂತ, ಅಂಬೆ ಮೂರರಲ್ಲೂ ಸೊನ್ನೆ ಒಂದೇ, ಸದ್ದು ಮೂರು. ಅಲ್ಲೂ ಹಾಗೇ. ಬರಹದಲ್ಲಿ ಸೆನ್‌ಪೈ, ಬಾಯಲ್ಲಿ ಸೆಂಪೈ. ರೆಂಗೊಕು, ತಂಜಿರೋ ಎಲ್ಲ ಸೊನ್ನೆ ಹಾಕಿ ಬರೆದರೆ ಉಚ್ಚಾರ ತಾನೇ ಬರುತ್ತದೆ. ಪದದ ಕೊನೆಯಲ್ಲಿ ಮಾತ್ರ ಸೊನ್ನೆ ಬೇಡ. ‘ಗೊಹಂ’ ಎಂದು ಬರೆದರೆ ನಾವು ತುಟಿ ಮುಚ್ಚುತ್ತೇವೆ. ಗೊಹನ್ ಎಂದೇ ಬರೆಯಿರಿ.

ತೊಡಕು ಇರುವುದು ‘ನ್’ ಆದ ಮೇಲೆ ಸ್ವರ ಬಂದಾಗ. ಹಳದಿ ಕೂದಲಿನ ಆ ಅಳುಬುರುಕ ಕತ್ತಿವೀರನ ಹೆಸರು ಜೆನ್-ಇತ್ಸು, ನಾಲ್ಕು ಮಾತ್ರೆ. ‘ಜೆನಿತ್ಸು’ ಎಂದು ಕೂಡಿಸಿದರೆ ಒಂದು ಮಾತ್ರೆ ಮಾಯ. ಪತ್ತೇದಾರ ಹುಡುಗನೂ ಶಿನ್-ಇಚಿ, ಶಿನಿಚಿ ಅಲ್ಲ. ಇಂಗ್ಲಿಷಿನಲ್ಲಿ ಸರಿಯಾಗಿ ಬರೆದವರು ಎನ್ ಆದ ಮೇಲೆ ಒಂದು ಅಪಾಸ್ಟ್ರಫಿ (’) ಹಾಕಿರುತ್ತಾರೆ. ಅದನ್ನು ಅಚ್ಚಿನ ದೋಷ ಎಂದುಕೊಳ್ಳಬೇಡಿ.

5. ಸಂಧಿ ಮಾಡಬೇಡಿ

ಇದು ಅಪ್ಪಟ ಕನ್ನಡಿಗರ ತಪ್ಪು. ಇದನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಎರಡು ಸ್ವರ ಪಕ್ಕಪಕ್ಕ ಬಂದರೆ ನಮ್ಮ ಬಾಯಿ ನಡುವೆ ಯಕಾರ, ವಕಾರ ತಂದು ತುಂಬುತ್ತದೆ. ಶಾಲೆಯ ಆಗಮ ಸಂಧಿ! ಸುನೆಒ ಹೋಗಿ ಸುನೆಯೊ, ದೊರಎಮೊನ್ ಹೋಗಿ ಡೋರೆಮಾನ್ ಅಥವಾ ದೊರಯೆಮೊನ್, ಅಒಇ ಹೋಗಿ ಅವೊಯಿ. ಕನ್ನಡದಲ್ಲಿ ಹೀಗೆ ಸ್ವರಗಳನ್ನು ಬಿಡಿಬಿಡಿಯಾಗಿ ಬರೆದರೆ ನೋಡಲು ವಿಚಿತ್ರ. ಆದರೂ ನಿಮ್ಮ ಚೀಟಿಯಲ್ಲಿ ಹಾಗೇ ಬರೆದುಕೊಳ್ಳಿ: ದೊ-ರ-ಎ-ಮೊ-ನ್. ಐದು ಬಡಿತ.

ಪದದ ಮೊದಲಿಗೂ ಇದೇ ಚಟ. ಎಮ್ಮೆಯನ್ನು ‘ಯೆಮ್ಮೆ’ ಎನ್ನುವ, ಒಂದನ್ನು ‘ವೊಂದು’ ಎನ್ನುವ ನಾವು ಎರೆನ್‌ನನ್ನು ಯೆರೆನ್ ಮಾಡುತ್ತೇವೆ, ಒರಿಹಿಮೆಯನ್ನು ವೊರಿಹಿಮೆ ಮಾಡುತ್ತೇವೆ. ಗಂಟಲಿನಿಂದ ನೇರವಾಗಿ ಎ, ಒ ಬರಬೇಕು. ತಮಾಷೆಯೆಂದರೆ ನಾವೆಲ್ಲ ‘ಯೆನ್’ ಎನ್ನುವ ಜಪಾನಿನ ದುಡ್ಡಿಗೆ ಅಲ್ಲಿನವರು ಹೇಳುವುದು ‘ಎನ್’. ಯ ಸೇರಿದ್ದು ಹಳೆಯ ಇಂಗ್ಲಿಷ್ ಸ್ಪೆಲಿಂಗ್‌ನಿಂದ.

6. ಇ, ಉ ನುಂಗುವುದು ಎಲ್ಲಿ?

ಜಾಸ್ತಿ ಕೇಳುವ ಪ್ರಶ್ನೆ ಇದೇ: ಸಸುಕೆ ಎಂದು ಬರೆದಿದೆ, ಕೇಳುವುದು ಸಸ್ಕೆ, ಯಾಕೆ? ಕ, ಚ, ತ, ಪ, ಸ, ಶ, ಹ, ಫ ಇವುಗಳ ಪೈಕಿ ಯಾವುದಾದರೂ ಎರಡರ ನಡುವೆ ಇ ಅಥವಾ ಉ ಸಿಕ್ಕಿಕೊಂಡರೆ ಅದು ಪಿಸುಮಾತಾಗುತ್ತದೆ. ಗಂಟಲು ಮಿಡಿಯುವುದಿಲ್ಲ, ಬಾಯಿಯ ಆಕಾರ ಮಾತ್ರ ಉಳಿಯುತ್ತದೆ. ನಾವು ‘ಸುಮ್ಮನೆ’ಯನ್ನು ಸುಮ್ನೆ ಮಾಡುವುದಿಲ್ಲವೇ, ಸುಮಾರು ಹಾಗೆ.

ಹಾಗಾಗಿ ಸಸ್ಕೆ, ದೈಸ್ಕೆ, ಇನೊಸ್ಕೆ, ಅಸ್ಕ. ಇಲ್ಲೂ ಕನ್ನಡದ ಲೆಕ್ಕ ಚೆನ್ನಾಗಿ ಕೂರುತ್ತದೆ ನೋಡಿ. ಸ-ಸು-ಕೆ ಮೂರು ಮಾತ್ರೆ. ಸಸ್ಕೆ ಎಂದರೂ ಒತ್ತಿನಿಂದ ‘ಸ’ ಗುರುವಾಗಿ ಮೂರೇ ಮಾತ್ರೆ. ಪದದ ಮೊದಲಲ್ಲಿ ಬಂದಾಗ ಮಾತ್ರ ಹುಷಾರು. ಶಿಕಮರುವಿನ ‘ಶಿ’ಯನ್ನು ಪೂರ್ತಿ ಕತ್ತರಿಸಿ ‘ಶ್ಕಮರು’ ಎಂದು ಅವಸರ ಮಾಡಬೇಡಿ. ಪಿಸುಗುಟ್ಟಿ, ಒಂದು ಬಡಿತದ ಹೊತ್ತು ಕೊಡಿ. ಸುಕುನನ ಮೊದಲ ‘ಸು’ ಕೂಡ ಹೀಗೇ.

ನಡುವಿನ ಅಕ್ಷರದ ಒಂದು ಬದಿಯಲ್ಲಿ ಗ, ಜ, ದ, ಬ, ಮ, ನ, ರ ಇದ್ದರೆ ಈ ನುಂಗಾಟ ಇಲ್ಲ. ಸಸ್ಕೆ ಕಲಿತ ಉತ್ಸಾಹದಲ್ಲಿ ನೆಜುಕೊಳನ್ನು ‘ನೆಜ್ಕೊ’ ಮಾಡಿದವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

7. ಒತ್ತಿ ಹೇಳಬೇಡಿ, ಆಮೇಲೆ ಕೇಳಿ ನೋಡಿ

ಇಂಗ್ಲಿಷಿನವರು ನಡುವಿನ ಅಕ್ಷರಕ್ಕೆ ಬಲ ಹಾಕಿ ನರೂಟೊ, ಸಕೂರಾ ಎನ್ನುತ್ತಾರೆ. ಜಪಾನಿಯಲ್ಲಿ ಹಾಗೆ ಬಲ ಹಾಕುವುದಿಲ್ಲ. ಸ್ವರದ ಏರಿಳಿತ ಇದೆ. ಹಶಿ ಎಂಬ ಪದವನ್ನು ಮೇಲಿನಿಂದ ಕೆಳಗೆ ಇಳಿಸಿದರೆ ಊಟದ ಕಡ್ಡಿ, ಕೆಳಗಿನಿಂದ ಏರಿಸಿದರೆ ಸೇತುವೆ. ಕಾಮಿಕ್ಸ್ ಓದುವವರು ಅಷ್ಟು ದೂರ ಹೋಗಬೇಕಿಲ್ಲ. ಸಮವಾಗಿ ಹೇಳಿ, ಸಾಕು.

ಈಗ ಆ ಕತೆಯ ಅನಿಮೆ (ಜಪಾನಿ ಕಾರ್ಟೂನ್ ರೂಪ) ಇದ್ದರೆ ಜಪಾನಿ ಧ್ವನಿಯಲ್ಲಿ ಹಾಕಿ, ವೇಗ ಸ್ವಲ್ಪ ಕಡಿಮೆ ಮಾಡಿ ಕೇಳಿ. ಪಾತ್ರ ತನ್ನ ಪರಿಚಯ ಹೇಳಿಕೊಳ್ಳುವ ಕಡೆ ಹೆಸರು ಸ್ಪಷ್ಟ ಸಿಗುತ್ತದೆ. ಜಗಳದ ಮಧ್ಯೆ ಕಿರುಚುವ ಕಡೆ ಕೇಳಿ ತೀರ್ಮಾನಿಸಬೇಡಿ. ಅಲ್ಲಿ ‘ಸಸ್ಕೇಏಏ’ ಎಂದು ಎಳೆದರೆ ಅದು ಸಿಟ್ಟಿನ ದೀರ್ಘ, ಹೆಸರಿನದ್ದಲ್ಲ. ಮೊಬೈಲಿನ ಅನುವಾದ ಆ್ಯಪ್‌ನಲ್ಲಿ ಕೇಳುವುದಾದರೆ ಕನ ರೂಪವನ್ನೇ ಹಾಕಿ. ಕಂಜಿ ಹಾಕಿದರೆ ಆ ಲೈಟ್ ಹುಡುಗ ತ್ಸುಕಿ ಆಗಿಬಿಡಬಹುದು.

8. ಹೆಸರಿನ ಹಿಂದುಮುಂದು

ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಾಗ ಸ್ವಂತ ಹೆಸರು ಕೊನೆಗೆ ಬರುವ ಹಾಗೆ. ಇಂಗ್ಲಿಷ್ ಅನುವಾದಗಳಲ್ಲಿ ಇದನ್ನು ತಿರುಗಿಸುವ ರೂಢಿ ಇತ್ತು, ಈಗಲೂ ಇದೆ. ಜಪಾನ್ ಸರ್ಕಾರ 2020ರ ಜನವರಿಯಿಂದ ತನ್ನ ದಾಖಲೆಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲೂ ಮನೆತನದ ಹೆಸರನ್ನೇ ಮೊದಲು ಬರೆಯುತ್ತಿದೆ. ನೀವು ಯಾವ ಕ್ರಮ ಹಿಡಿದರೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ಇನ್ನು ಸನ್, ಕುನ್, ಚನ್, ಸಮ ಇವು ಹೆಸರಲ್ಲ. ನಮ್ಮ ‘ಅವರು’, ‘ಪುಟ್ಟ’ ಇದ್ದ ಹಾಗೆ ಸೇರಿಸುವ ಮಾತುಗಳು. ಎಲ್ಲವೂ ಹ್ರಸ್ವ.

ಈಗ ಅಭ್ಯಾಸಕ್ಕೆ ಕೆಲವು ಹೆಸರು. ಮನೆತನದ ಹೆಸರು ಮೊದಲು ಇಟ್ಟಿದ್ದೇನೆ. ತೊಡೆಯ ಮೇಲೆ ತಟ್ಟುತ್ತಾ ಓದಿ.

ಕಮದೊ ತಂಜಿರೋ (3, 5)
ಗೊಜೋ ಸತೊರು (3, 3)
ಇತದೊರಿ ಯೂಜಿ (4, 3)
ರೆಂಗೊಕು ಕ್ಯೋಜುರೋ (4, 5)
ಹಿನತ ಶೋಯೋ (3, 4)
ಮಿದೊರಿಯ ಇಜುಕು (4, 3)
ಕುದೋ ಶಿನ್-ಇಚಿ (3, 4)

ಉಳಿದ ಪ್ರಶ್ನೆ: ಹೊರಗಿನ ಭಾಷೆಯಿಂದ ಕಟ್ಟಿದ ಹೆಸರುಗಳನ್ನು ಏನು ಮಾಡುವುದು? ಲುಫಿಯನ್ನು ಜಪಾನಿನವರು ರು-ಫಿ ಎನ್ನುತ್ತಾರೆ, ಲೆವಿಯನ್ನು ರಿವಇ ಎನ್ನುತ್ತಾರೆ. ‘ಎಲ್’ ಎಂಬ ಪತ್ತೇದಾರ ಅಲ್ಲಿ ಎರು. ಇಲ್ಲಿ ನಾನು ಹಟ ಹಿಡಿಯುವುದಿಲ್ಲ. ಲ ಇಟ್ಟುಕೊಳ್ಳುತ್ತೇನೆ, ಸ್ವರ ಮಾತ್ರ ಜಪಾನಿಯದ್ದು: ಲುಫಿ, ಲಫ್ಫಿ ಅಲ್ಲ. ಆದರೆ ನೊಬಿತನನ್ನು ಹೊಡೆಯುವ ಆ ದಢೂತಿ ಹುಡುಗನ ವಿಷಯದಲ್ಲಿ ರಾಜಿ ಇಲ್ಲ. ಅವನು ಜಿಯಾನ್ ಅಲ್ಲ. ಇಂಗ್ಲಿಷಿನ ‘ಜೈಂಟ್’ನಿಂದ ಬಂದ ಅಡ್ಡಹೆಸರು ಅದು, ಜೈ-ಅನ್. ಅವನ ನಿಜವಾದ ಹೆಸರು ಗೋದ ತಕೆಶಿ. ಇದರಲ್ಲಿ ‘ಗೋ’ ದೀರ್ಘ, ಉಳಿದದ್ದೆಲ್ಲ ಹ್ರಸ್ವ.